ಕಲ್ಲಿನ ಗೋಡೆ, ಅದರ ಪಕ್ಕದಲ್ಲೊಂದು ಕೊಳ: ಮನೆಯ ತೋಟದಲ್ಲಿ ಕಟ್ಟುವ ಕ್ರಮ

ತೋಟದಲ್ಲಿ ಒಂದು ಕಲ್ಲಿನ ಗೋಡೆ, ಅದರ ಮುಂದೆ ಚಿಕ್ಕದೊಂದು ಕೊಳ ಬೇಕು ಅಂದುಕೊಂಡವರು ಸಾಮಾನ್ಯವಾಗಿ ಕಲ್ಲು ಆರಿಸುವುದರಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ನೀರಿನಿಂದ. ಗೋಡೆಯ ಹಿಂದೆ ಸೇರುವ ನೀರು ಹೊರಗೆ ಹೋಗಲೇಬೇಕು, ಕೊಳದಲ್ಲಿ ನಿಂತ ನೀರು ಹೊರಗೆ ಹೋಗಲೇಬಾರದು. ಈ ಎರಡನ್ನೂ ಸಾಧಿಸುವ ಕೆಲಸವೆಲ್ಲ ಮುಗಿದ ಮೇಲೆ ಕಣ್ಣಿಗೆ ಕಾಣದ ಜಾಗದಲ್ಲಿರುತ್ತದೆ: ತಳಪಾಯ, ಗೋಡೆಯ ಬೆನ್ನಿಗೆ ಸುರಿದ ಜಲ್ಲಿ, ನೀರು ಇಂಗದಂತೆ ಕೊಳದೊಳಗೆ ಹಾಸುವ ಹಾಳೆ, ಆ ಹಾಳೆಯ ಅಂಚು. ದುಡ್ಡನ್ನೂ ದುಡಿಮೆಯನ್ನೂ ಅಲ್ಲಿ ಉಳಿಸಲು ಹೋಗಬೇಡಿ. ಮೇಲೆ ಕಾಣುವ ಕಲ್ಲು ಹೇಗಿಟ್ಟರೂ ಸುಮಾರಾಗಿ ಚೆನ್ನಾಗಿಯೇ ಕಾಣುತ್ತದೆ.

ಇಲ್ಲಿ ಹೇಳುತ್ತಿರುವುದು ಗಾರೆ ಹಾಕದೆ, ಕಲ್ಲಿನ ಮೇಲೆ ಕಲ್ಲು ಕೂರಿಸಿ ಕಟ್ಟುವ ತಗ್ಗು ಗೋಡೆಯ ಬಗ್ಗೆ. ಒಂದು ಬದಿಯಲ್ಲಿ ಮಣ್ಣು ತಡೆದು ನಿಲ್ಲುವ, ಎರಡೂವರೆ ಅಡಿ, ಹೆಚ್ಚೆಂದರೆ ಮೂರು ಅಡಿ ಎತ್ತರದ ಗೋಡೆ. ಅದಕ್ಕಿಂತ ಎತ್ತರ ಬೇಕಿದ್ದರೆ, ಅಥವಾ ಗೋಡೆಯ ಮೇಲಿನ ನೆಲದಲ್ಲಿ ಕಾರು ನಿಲ್ಲುವುದಿದ್ದರೆ, ಮನೆಯ ತಳಪಾಯ ಹತ್ತಿರವಿದ್ದರೆ, ಎಂಜಿನಿಯರ್ ಬಂದು ನೋಡಿ ಹೇಳಲಿ. ಅಂದಾಜಿನಲ್ಲಿ ಮಾಡುವ ಕೆಲಸವಲ್ಲ ಅದು.

ಗಾರೆ ಇಲ್ಲದೆ ಗೋಡೆ ನಿಲ್ಲುತ್ತದೆಯೇ ಎಂಬ ಅನುಮಾನ ಬೇಡ. ಆಫ್ರಿಕಾದ ಹಳೆಯ ಕಲ್ಲಿನ ನಗರ ಗ್ರೇಟ್ ಜಿಂಬಾಬ್ವೆಯ ದೊಡ್ಡ ಆವರಣದ ಹೊರಗೋಡೆ ಕೆಲವೆಡೆ ಸುಮಾರು 11 ಮೀಟರ್ ಎತ್ತರವಿದೆ, ಶತಮಾನಗಳಿಂದ ಗಾರೆಯಿಲ್ಲದೆಯೇ ನಿಂತಿದೆ. ಕ್ರೊಯೇಷಿಯಾ, ಗ್ರೀಸ್, ಇಟಲಿ, ಸ್ಪೇನ್ ಸೇರಿ ಎಂಟು ದೇಶಗಳ ಈ ಕಸುಬನ್ನು ಯುನೆಸ್ಕೋ 2018ರಲ್ಲಿ ತನ್ನ ಪಾರಂಪರಿಕ ಕಲೆಗಳ ಪಟ್ಟಿಗೆ ಸೇರಿಸಿತು. ತೋಟದ ಮಟ್ಟಿಗೆ ಇದರ ದೊಡ್ಡ ಅನುಕೂಲ, ಪ್ರತಿಯೊಂದು ಸಂದೂ ನೀರು ಹೊರಬಿಡುವ ಕಿಂಡಿಯಾಗುತ್ತದೆ. ನೆಲ ಸ್ವಲ್ಪ ಇಳಿದರೆ ಗೋಡೆಯೂ ಅದರ ಜೊತೆ ಇಳಿದು ಹೊಂದಿಕೊಳ್ಳುತ್ತದೆ, ಗಾರೆಗೋಡೆಯ ಹಾಗೆ ಬಿರುಕು ಬಿಡುವುದಿಲ್ಲ. ಒಂದು ಕಡೆ ಉಬ್ಬಿತು ಅನ್ನಿ, ಅಷ್ಟು ಭಾಗ ಬಿಚ್ಚಿ ಅದೇ ಕಲ್ಲಿನಲ್ಲಿ ಮತ್ತೆ ಕಟ್ಟಬಹುದು.

ಮೊದಲು ಜಾಗ

ಒಂದು ಜೋರು ಮಳೆಯ ನಂತರ ತೋಟದಲ್ಲಿ ಓಡಾಡಿ ನೋಡಿ. ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಂಗುತ್ತದೆ ಎನ್ನುವುದು ಆಗ ಗೊತ್ತಾಗುವಷ್ಟು ಚೆನ್ನಾಗಿ ಇನ್ನು ಯಾವಾಗಲೂ ಗೊತ್ತಾಗುವುದಿಲ್ಲ.

ತೋಟದ ಅತಿ ತಗ್ಗಿನ ಜಾಗದಲ್ಲಿ ಕೊಳ ಮಾಡುವುದೇ ಸಹಜ ಎಂದು ತೋರುತ್ತದೆ, ನೀರು ತಾನಾಗಿ ಅಲ್ಲಿ ಸೇರುತ್ತದಲ್ಲ. ಅದೇ ತೊಂದರೆ. ಹರಿದು ಬಂದ ನೀರು ಮಣ್ಣು, ಗೊಬ್ಬರ, ಕಸವನ್ನೆಲ್ಲ ತಂದು ಕೊಳಕ್ಕೆ ಸುರಿಯುತ್ತದೆ. ಇನ್ನೂ ಕೆಟ್ಟದ್ದೆಂದರೆ, ನೆಲದೊಳಗಿನ ನೀರು ಏರಿದಾಗ ಹಾಳೆಯ ಅಡಿಗೆ ಸೇರಿ ಅದನ್ನು ಬಲೂನಿನ ಹಾಗೆ ಮೇಲಕ್ಕೆತ್ತುತ್ತದೆ. ಸ್ವಲ್ಪ ಎತ್ತರದ ಜಾಗ ನೋಡಿ. ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳಲಿ, ದಿನವಿಡೀ ಬೇಡ. ಮರದ ಕೆಳಗಂತೂ ಬೇಡವೇ ಬೇಡ: ಮೇಲಿಂದ ಎಲೆ ಉದುರುತ್ತದೆ, ಕೆಳಗಿನಿಂದ ಬೇರು ಹಾಳೆಯನ್ನು ತಿವಿಯುತ್ತದೆ. ಅಗೆಯುವ ಮೊದಲು ನೆಲದಡಿಯ ನೀರಿನ ಪೈಪು, ಒಳಚರಂಡಿ, ವಿದ್ಯುತ್ ಕೇಬಲ್ಲು ಎಲ್ಲಿ ಹಾದುಹೋಗಿವೆ ಎಂದು ತಿಳಿದುಕೊಳ್ಳಿ.

ಗೋಡೆಗೂ ಕೊಳಕ್ಕೂ ನಡುವೆ ಎಷ್ಟು ಅಂತರ ಇರಬೇಕು? ಕೊಳದ ಆಳಕ್ಕಿಂತ ಕಡಿಮೆಯಂತೂ ಇರಬಾರದು. ಎರಡು ಅಡಿ ಆಳದ ಕೊಳವಾದರೆ ಗೋಡೆಯ ಬುಡ ಅಂಚಿನಿಂದ ಮೂರು ಅಡಿ ದೂರವಿರಲಿ. ಗೋಡೆಯ ಭಾರ ಬುಡದಿಂದ ನೇರ ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ಓರೆಯಾಗಿ ಹರಡುತ್ತದೆ. ಆ ಓರೆಯ ದಾರಿಯಲ್ಲಿ ಗುಂಡಿ ತೋಡಿದರೆ ಬುಡದ ಮಣ್ಣು ಕೊಳದೊಳಗೆ ಜಾರುತ್ತದೆ. ಗೋಡೆ ನೀರಿಗೆ ಅಂಟಿಕೊಂಡೇ ಕಾಣಬೇಕು ಎಂಬ ಆಸೆಯಿದ್ದರೆ ಆ ಬದಿಯಲ್ಲಿ ಕೊಳವನ್ನು ಒಂದು ಅಡಿಗಿಂತ ಕಡಿಮೆ ಆಳದ ಮೆಟ್ಟಿಲಾಗಿ ಬಿಟ್ಟು, ಆಳವನ್ನು ಆಚೆ ಬದಿಗೆ ಸರಿಸಿ.

ಮನೆಯಲ್ಲಿ ಅಂಬೆಗಾಲಿಡುವ ಅಥವಾ ಈಗಷ್ಟೇ ಓಡಲು ಕಲಿತ ಮಗುವಿದ್ದರೆ ಒಂದು ಮಾತು. ಎರಡು ಇಂಚು ನೀರಿನಲ್ಲೂ ಮಗು ಮುಳುಗಬಹುದು. ನೀರಿನ ಮಟ್ಟಕ್ಕೆ ಸರಿಯಾಗಿ, ಮಗುವಿನ ಭಾರ ತಾಳುವ ಕಬ್ಬಿಣದ ಜಾಲರಿಯನ್ನು ಭದ್ರವಾಗಿ ಕೂರಿಸಿ. ಇಲ್ಲವಾದರೆ ತೆರೆದ ಕೊಳವನ್ನು ಕೆಲವು ವರ್ಷ ಮುಂದಕ್ಕೆ ಹಾಕಿ, ನೆಲದಡಿಯ ತೊಟ್ಟಿಯಿಂದ ನೀರು ಚಿಮ್ಮಿ ಗುಂಡುಕಲ್ಲುಗಳ ನಡುವೆ ಇಂಗಿಹೋಗುವಂಥ ಏರ್ಪಾಡು ಮಾಡಿಕೊಳ್ಳಿ. ನೀರಿನ ಸದ್ದು ಸಿಗುತ್ತದೆ, ನಿಂತ ನೀರು ಇರುವುದಿಲ್ಲ.

ಕಲ್ಲು ಎಷ್ಟು, ಎಂಥದ್ದು

ಗೋಡೆಗೆ ಬೇಕಾದದ್ದು ಮೂಲೆಯಿರುವ, ಎರಡು ಮುಖವಾದರೂ ಸುಮಾರು ಚಪ್ಪಟೆಯಾಗಿರುವ ಕಾಡುಗಲ್ಲು. ಹೊಳೆಯಲ್ಲಿ ಉರುಳಿ ನುಣ್ಣಗಾದ ಗುಂಡುಕಲ್ಲು ನೋಡಲು ಚಂದ, ಗೋಡೆಗೆ ಒದಗುವುದಿಲ್ಲ, ಒಂದರ ಮೇಲೊಂದು ಜಾರುತ್ತದೆ. ಅದನ್ನು ಕೊಳದ ಅಂಚಿಗೆ ಎತ್ತಿಡಿ. ಗ್ರಾನೈಟ್, ಬಸಾಲ್ಟ್ ಗಟ್ಟಿ, ಆದರೆ ಒಡೆದು ಆಕಾರಕ್ಕೆ ತರುವುದು ಕಷ್ಟ. ಪದರು ಪದರಾಗಿ ಸೀಳುವ ಕಲ್ಲಿನಲ್ಲಿ ಕಟ್ಟುವುದು ಹೊಸಬರಿಗೆ ಸುಲಭ. ಪದರದ ಕಲ್ಲನ್ನು ನೆಲದಲ್ಲಿ ಹೇಗೆ ಮಲಗಿತ್ತೋ ಹಾಗೆಯೇ ಮಲಗಿಸಿಡಿ. ನಿಲ್ಲಿಸಿಟ್ಟರೆ ಪದರದ ಸಂದಿಗೆ ನೀರಿಳಿದು ಹಾಳೆ ಹಾಳೆಯಾಗಿ ಬಿಡುತ್ತದೆ. ಸುಣ್ಣಕಲ್ಲು ಕೊಳದೊಳಗೆ ಬಿದ್ದರೆ ನಿಧಾನವಾಗಿ ಕರಗಿ ನೀರನ್ನು ಗಡಸಾಗಿಸಿ ಕ್ಷಾರೀಯ ಮಾಡುತ್ತದೆ, ಹಾಗಾಗಿ ಗೋಡೆಗೆ ಮಾತ್ರ ಇರಲಿ.

ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕಿಲೋ ತೂಗುತ್ತದೆ. ಹತ್ತು ಅಡಿ ಉದ್ದ, ಎರಡೂವರೆ ಅಡಿ ಎತ್ತರ, ಸರಾಸರಿ ಒಂದೂಕಾಲು ಅಡಿ ದಪ್ಪದ ಗೋಡೆ 31 ಘನ ಅಡಿ ಆಯಿತು. ಸಂದುಗೊಂದುಗಳ ಜಾಗ ಕಳೆದರೂ ಒಂದೂವರೆ ಟನ್ನಿಗಿಂತ ಹೆಚ್ಚು ಕಲ್ಲು ಬೇಕು. ನೂರಕ್ಕೆ ಹದಿನೈದರಷ್ಟು ಹೆಚ್ಚಿಗೆ ತರಿಸಿ. ಕಲ್ಲು ಮುಗಿಯುವುದು ಅಪರೂಪ, ಸರಿಯಾದ ಆಕಾರದ ಕಲ್ಲು ಮುಗಿಯುವುದು ಖಂಡಿತ.

ಲಾರಿಯಿಂದ ಇಳಿಸಿದ ರಾಶಿಯಿಂದಲೇ ನೇರವಾಗಿ ಕಟ್ಟಲು ಹೊರಡಬೇಡಿ. ಅರ್ಧ ದಿನ ಹೋದರೂ ಪರವಾಗಿಲ್ಲ, ವಿಂಗಡಿಸಿ. ಅತಿ ದೊಡ್ಡವು ಬುಡಕ್ಕೆ. ಗೋಡೆಯ ದಪ್ಪದಷ್ಟೇ ಉದ್ದವಿರುವವು ಬೇರೆ, ಅವು ಅಡ್ಡಗಲ್ಲು. ಅಗಲವಾಗಿ ಚಪ್ಪಟೆಯಾಗಿರುವವು ತಲೆಗೆ. ಮಧ್ಯಮದವು ಒಂದು ಕಡೆ. ಮುಷ್ಟಿಗಾತ್ರದಿಂದ ಕೆಳಗಿನ ಚೂರು, ಚಕ್ಕೆಗಳನ್ನು ಕಸವೆಂದು ಬಿಸಾಡಬೇಡಿ, ಗೋಡೆಯ ಹೊಟ್ಟೆ ತುಂಬುವುದು ಅವೇ. ರಾಶಿಗಳು ಗೋಡೆಯ ಗೆರೆಯಿಂದ ಮೂರು ಅಡಿ ದೂರದಲ್ಲಿರಲಿ, ನಡುವೆ ನಿಮಗೆ ಓಡಾಡಲು ಜಾಗ ಬೇಕು.

ಹಾರೆ, ಪಿಕಾಸಿ, ಸಲಿಕೆ, ನಾಲ್ಕು ಪೌಂಡಿನ ಸುತ್ತಿಗೆ, ಒಂದು ಉಳಿ, ದಾರ, ಗೂಟ, ರಸಮಟ್ಟ, ದಮ್ಮಸು ಇಷ್ಟಿದ್ದರೆ ಸಾಕು. ಕಾಲಿಗೆ ಗಟ್ಟಿ ಬೂಟು, ಕೈಗೆ ತೊಗಲಿನ ಗವಸು, ಕಲ್ಲು ಒಡೆಯುವಾಗ ಕಣ್ಣಿಗೆ ಕನ್ನಡಕ. ಭಾರದ ಕಲ್ಲನ್ನು ಎತ್ತುವ ಬದಲು ಹಲಗೆಯ ಮೇಲೆ ಉರುಳಿಸಿ, ಹಾರೆಯಿಂದ ಮೀಟಿ. ಸೊಂಟ ಹಿಡಿದುಕೊಂಡವರೆಲ್ಲ ಎತ್ತಿದವರೇ.

ಗೋಡೆಯ ತಳಪಾಯ

ಎರಡು ಗೂಟ ನೆಟ್ಟು ದಾರ ಕಟ್ಟಿ. ಬುಡದಲ್ಲಿ ಗೋಡೆಯ ದಪ್ಪ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬಾರದು. ಎರಡೂವರೆ ಅಡಿ ಗೋಡೆಗೆ ಒಂದೂವರೆ ಅಡಿ ಬುಡ ಇಟ್ಟುಕೊಂಡರೆ ನೆಮ್ಮದಿ. ಪಾಯದ ಕಾಲುವೆಯನ್ನು ಅದಕ್ಕಿಂತ ಅರ್ಧ ಅಡಿ ಅಗಲವಾಗಿ ತೋಡಿ. ಆಳವನ್ನು ಮಣ್ಣೇ ಹೇಳುತ್ತದೆ: ಬೇರು, ಹುಲ್ಲು, ಕಪ್ಪು ಮೇಲ್ಮಣ್ಣು ಎಲ್ಲ ಹೋಗಿ ಪಿಕಾಸಿಗೆ ಗಟ್ಟಿಯಾಗಿ ತಾಗುವ ನೆಲ ಸಿಗುವವರೆಗೆ. ಸಾಮಾನ್ಯವಾಗಿ ಎಂಟು ಇಂಚಿನಿಂದ ಒಂದು ಅಡಿ. ತೆಗೆದ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ, ಗಿಡಗಳಿಗೆ ಬೇಕಾಗುತ್ತದೆ.

ತಳವನ್ನು ದಮ್ಮಸು ಮಾಡಿ, ಮೇಲೆ ನಾಲ್ಕು ಇಂಚು ಜಲ್ಲಿ ಹಾಕಿ ಮತ್ತೆ ದಮ್ಮಸು ಮಾಡಿ. ತಳ ಹಿಂಬದಿಗೆ ಒಂದಿಷ್ಟು ವಾಲಿರಲಿ. ಮುಂದಕ್ಕೆ ವಾಲಿದ ಪಾಯದ ಮೇಲೆ ಎಷ್ಟೇ ಜಾಣತನದಿಂದ ಕಟ್ಟಿದರೂ ಗೋಡೆ ಮುಂದಕ್ಕೇ ಬರುತ್ತದೆ. ಮೊದಲ ವರಸೆಗೆ ಅತಿ ದೊಡ್ಡ ಕಲ್ಲುಗಳನ್ನೇ ಇಟ್ಟು, ಅವು ಅರ್ಧದಷ್ಟಾದರೂ ನೆಲದೊಳಗೆ ಹುದುಗುವಂತೆ ನೋಡಿಕೊಳ್ಳಿ.

ಕಲ್ಲು ಕೂರಿಸುವುದು

ಗೋಡೆ ನೆಟ್ಟಗೆ ನಿಲ್ಲಬಾರದು, ಮಣ್ಣಿನ ಕಡೆಗೆ ಒರಗಿರಬೇಕು. ಪ್ರತಿ ಒಂದು ಅಡಿ ಎತ್ತರಕ್ಕೆ ಎರಡು ಇಂಚು ಒಳಕ್ಕೆ. ಎರಡೂವರೆ ಅಡಿ ಏರುವಷ್ಟರಲ್ಲಿ ಐದು ಇಂಚು ಹಿಂದೆ ಸರಿದಿರುತ್ತದೆ, ಒಂದೂವರೆ ಅಡಿಯ ಬುಡ ತಲೆಯಲ್ಲಿ ಒಂದು ಅಡಿ ಚಿಲ್ಲರೆಗೆ ಬಂದಿರುತ್ತದೆ. ಕಣ್ಣಂದಾಜು ಇಲ್ಲಿ ಕೈಕೊಡುತ್ತದೆ. ಗೋಡೆಯ ಎರಡೂ ತುದಿಯಲ್ಲಿ ಈ ಓರೆಗೆ ಸರಿಯಾಗಿ ಮರದ ಪಟ್ಟಿ ನಿಲ್ಲಿಸಿ, ಒಂದರಿಂದ ಇನ್ನೊಂದಕ್ಕೆ ದಾರ ಬಿಗಿದು, ಪ್ರತಿ ವರಸೆಗೂ ದಾರವನ್ನು ಮೇಲೆ ಸರಿಸುತ್ತ ಹೋಗಿ.

ಇನ್ನು ಕಲ್ಲು. ರಾಶಿಯಲ್ಲಿ ಒಂದನ್ನು ಆರಿಸುವ ಮೊದಲು ಗೋಡೆಯಲ್ಲಿ ಅದು ಕೂರಬೇಕಾದ ಖಾಲಿ ಜಾಗವನ್ನು ಒಮ್ಮೆ ಸರಿಯಾಗಿ ನೋಡಿ: ಎಷ್ಟು ಅಗಲ, ಎಡಕ್ಕೆ ಇಳಿಜಾರೋ ಬಲಕ್ಕೋ, ಪಕ್ಕದ ಕಲ್ಲು ಎಷ್ಟು ಎತ್ತರ. ಆ ಆಕಾರವನ್ನು ಮನಸ್ಸಿನಲ್ಲಿಟ್ಟುಕೊಂಡು ರಾಶಿಯ ಹತ್ತಿರ ಹೋದರೆ ಕೈ ತಾನಾಗಿ ಸರಿಯಾದ ಕಲ್ಲಿನ ಮೇಲೆ ಹೋಗುತ್ತದೆ. ತಂದದ್ದನ್ನು ಇಡುವಾಗ ಉದ್ದದ ಬದಿ ಗೋಡೆಯ ಒಳಕ್ಕೆ ಹೋಗಲಿ, ಗಿಡ್ಡ ಮುಖ ಹೊರಗೆ ಕಾಣಲಿ. ಹೊಸಬರು ಇದನ್ನು ಉಲ್ಟಾ ಮಾಡುತ್ತಾರೆ, ಉದ್ದ ಮುಖ ಹೊರಗೆ ಕಂಡರೆ ಗೋಡೆ ಬೇಗ ಏರಿದಂತೆ ಅನಿಸುತ್ತದೆ. ಹಾಗಿಟ್ಟ ಕಲ್ಲಿಗೆ ಒಳಗೆ ಹಿಡಿತವಿಲ್ಲ, ಹಿಂದಿನ ಮಣ್ಣು ಒತ್ತಿದ ದಿನ ಅದು ಹೊರಗೆ ಬೀಳುತ್ತದೆ.

ಇಟ್ಟ ಮೇಲೆ ಅಂಗೈಯಿಂದ ಒಂದೊಂದು ಮೂಲೆಯನ್ನೂ ಒತ್ತಿ ನೋಡಿ. ಅಲುಗಿದರೆ ತಿರುಗಿಸಿ, ಮಗುಚಿ, ಮತ್ತೆ ಒತ್ತಿ. ಇನ್ನೂ ಚೂರು ಅಲುಗುತ್ತಿದ್ದರೆ ಬೆಣೆಯಾಕಾರದ ಚಕ್ಕೆಯನ್ನು ಹಿಂಬದಿಯಿಂದ ಕೊಟ್ಟು ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ. ಮುಂದಿನಿಂದ ಚಕ್ಕೆ ಕೊಡಬೇಡಿ. ಮುಂದಿನದು ಮಳೆಗೋ ಬಿಸಿಲಿಗೋ ಸಡಿಲಾಗಿ ಉದುರುತ್ತದೆ, ಆಮೇಲೆ ಮೇಲಿನ ಕಲ್ಲು ಕೂಡ ಸಡಿಲ. ಮೂರು ಸಲ ತಿರುಗಿಸಿದರೂ ಕೂರದ ಕಲ್ಲನ್ನು ವಾಪಸ್ ರಾಶಿಗೆ ಹಾಕಿ, ಅದರ ಜಾಗ ಗೋಡೆಯ ಇನ್ನೊಂದೆಡೆ ಇರುತ್ತದೆ. ಸುತ್ತಿಗೆ ಹಿಡಿದು ಪ್ರತಿ ಕಲ್ಲನ್ನೂ ಕೆತ್ತುತ್ತ ಕೂತರೆ ಕೆಲಸ ಸಾಗುವುದಿಲ್ಲ.

ಕೆಳಗಿನ ಎರಡು ಕಲ್ಲಿನ ಸಂದಿನ ಮೇಲೆ ಮೇಲಿನದು ಕೂರಬೇಕು, ಇಟ್ಟಿಗೆ ಗೋಡೆಯಲ್ಲಿ ಮಾಡುವ ಹಾಗೆ. ಸಂದಿನ ಮೇಲೆ ಸಂದು ಬಂದರೆ ಅದೇ ಗೆರೆಯಲ್ಲಿ ಗೋಡೆ ಸೀಳುತ್ತದೆ. ಆಗಾಗ ನಾಲ್ಕು ಹೆಜ್ಜೆ ಹಿಂದೆ ಹೋಗಿ ನೋಡಿ, ಹತ್ತಿರದಿಂದ ಕಾಣದ ಉದ್ದ ಗೆರೆಗಳು ಅಲ್ಲಿಂದ ಕಾಣುತ್ತವೆ.

ಪ್ರತಿ ವರಸೆ ಮುಗಿದ ಕೂಡಲೇ ಒಳಗಿನ ಪೊಳ್ಳನ್ನು ಚೂರುಗಲ್ಲಿನಿಂದ ತುಂಬಬೇಕು, ಕೊನೆಗೆ ಒಟ್ಟಿಗೆ ತುಂಬುತ್ತೇನೆ ಎಂದರೆ ಆಗದು. ಬಾಂಡ್ಲಿಯಲ್ಲಿ ತಂದು ಸುರಿಯುವುದಲ್ಲ, ಒಂದೊಂದನ್ನೇ ಕೈಯಲ್ಲಿ ಸಿಕ್ಕಿಸುವುದು. ಮಣ್ಣು, ಮರಳು ತುಂಬಬೇಡಿ, ನೀರಿನ ಜೊತೆ ಹರಿದುಹೋಗಿ ಪೊಳ್ಳು ಉಳಿಯುತ್ತದೆ. ಅರ್ಧ ಎತ್ತರಕ್ಕೆ ಬಂದಾಗ ಮೂರು ಅಡಿಗೊಂದರಂತೆ ಅಡ್ಡಗಲ್ಲು ಇಡಿ. ಅದು ಗೋಡೆಯ ಮುಂಭಾಗದಿಂದ ಬೆನ್ನಿನವರೆಗೆ ತಲುಪಿ ಎರಡನ್ನೂ ಕಟ್ಟಿ ಹಿಡಿಯುತ್ತದೆ. ತಲೆಗೆ ಅಗಲದ ಭಾರಿ ಕಲ್ಲು. ಅದರ ಮೇಲೆ ಜನ ಕೂತೇ ಕೂರುತ್ತಾರೆ, ಅದಕ್ಕೆ ತಕ್ಕ ಕಲ್ಲನ್ನೇ ಇಡಿ.

ಗೋಡೆಯ ಬೆನ್ನು

ಒದ್ದೆಮಣ್ಣು ಒಣಮಣ್ಣಿಗಿಂತ ಭಾರ, ಮೇಲಾಗಿ ಹೊರಬರಲು ದಾರಿಯಿಲ್ಲದ ನೀರಿನ ಒತ್ತಡವೂ ಅದಕ್ಕೆ ಸೇರುತ್ತದೆ. ಬಿದ್ದ ಗೋಡೆಗಳಲ್ಲಿ ಬಹುಪಾಲು ಬಿದ್ದದ್ದು ಕಲ್ಲಿನ ದೋಷದಿಂದಲ್ಲ, ಬೆನ್ನ ಹಿಂದೆ ನೀರು ಕಟ್ಟಿದ್ದರಿಂದ.

ಗೋಡೆಗೂ ಮಣ್ಣಿಗೂ ನಡುವೆ ಒಂದು ಅಡಿ ದಪ್ಪ ಜಲ್ಲಿ ಇರಲಿ. ಜಲ್ಲಿಗೂ ಮಣ್ಣಿಗೂ ನಡುವೆ ಜಿಯೋಟೆಕ್ಸ್‌ಟೈಲ್ ಬಟ್ಟೆ ಇಳಿಬಿಡಿ. ಇದು ನೀರನ್ನು ಬಿಟ್ಟು ಮಣ್ಣನ್ನು ತಡೆಯುತ್ತದೆ, ಇಲ್ಲದಿದ್ದರೆ ಕೆಲವು ಮಳೆಗಾಲದಲ್ಲಿ ಜಲ್ಲಿಯ ಸಂದೆಲ್ಲ ಕೆಸರು ತುಂಬಿಕೊಳ್ಳುತ್ತದೆ. ಜೇಡಿಮಣ್ಣಿನ ಜಾಗವಾದರೆ ಬುಡದಲ್ಲಿ ತೂತಿನ ಪೈಪನ್ನು ಇಳಿಜಾರಾಗಿ ಮಲಗಿಸಿ, ಬಾಯನ್ನು ಗೋಡೆಯ ತುದಿಯಲ್ಲಿ ಹೊರಕ್ಕೆ ಬಿಡಿ. ಕೊಳದ ಕಡೆಗಂತೂ ಬಿಡಬೇಡಿ. ಜಲ್ಲಿಯನ್ನೂ ಅದರ ಹಿಂದಿನ ಮಣ್ಣನ್ನೂ ಗೋಡೆ ಏರಿದಂತೆಲ್ಲ ಏರಿಸುತ್ತ, ಅರ್ಧ ಅಡಿಗೊಮ್ಮೆ ತುಳಿದು ಗಟ್ಟಿ ಮಾಡಿ. ತಲೆಯ ಕೆಳಗೆ ಅರ್ಧ ಅಡಿ ಬಾಕಿಯಿರುವಾಗ ಬಟ್ಟೆಯನ್ನು ಜಲ್ಲಿಯ ಮೇಲೆ ಮಡಚಿ, ಮೇಲೆ ತೆಗೆದಿಟ್ಟ ಮೇಲ್ಮಣ್ಣು ಹಾಕಿ.

ಕೊಳ ಅಗೆದ ಮಣ್ಣು ಇಲ್ಲೇ ಖರ್ಚಾಗುತ್ತದೆ. ಹಾಗಾಗಿ ಕೆಲಸದ ಕ್ರಮ ಹೀಗಿದ್ದರೆ ಮಣ್ಣನ್ನು ಎರಡೆರಡು ಸಲ ಹೊರುವುದು ತಪ್ಪುತ್ತದೆ: ಮೊದಲು ಗೋಡೆಯ ಪಾಯ ಮತ್ತು ಮೊದಲೆರಡು ವರಸೆ, ಆಮೇಲೆ ಕೊಳ ಅಗೆಯುತ್ತ ಗೋಡೆಯ ಹಿಂದೆ ತುಂಬುತ್ತ ಎರಡನ್ನೂ ಒಟ್ಟಿಗೆ ಮುಗಿಸುವುದು.

ಕೊಳ ಅಗೆಯುವುದು

ಹಳೆಯ ನೀರಿನ ಪೈಪನ್ನು ನೆಲದ ಮೇಲೆ ಕೊಳದ ಆಕಾರಕ್ಕೆ ಹರಡಿ, ಎರಡು ದಿನ ಬಿಟ್ಟು, ಕಿಟಕಿಯಿಂದಲೂ ನೋಡಿ ಒಪ್ಪಿಗೆಯಾದ ಮೇಲೆ ಸಲಿಕೆ ಹಾಕಿ. ಸೊಟ್ಟಂಬಟ್ಟ ತಿರುವುಗಳು ಬೇಡ, ಪ್ರತಿ ತಿರುವಿನಲ್ಲೂ ಹಾಳೆ ನೆರಿಗೆ ಬೀಳುತ್ತದೆ.

ಉದಾಹರಣೆಗೆ ಹತ್ತಡಿ ಉದ್ದ, ಆರಡಿ ಅಗಲ, ಎರಡು ಅಡಿ ಆಳದ ಕೊಳ ಇಟ್ಟುಕೊಳ್ಳೋಣ. ಅಂಚಿನಿಂದ ಒಂದು ಅಡಿ ಕೆಳಗೆ, ಒಂದು ಅಡಿ ಅಗಲದ ಮೆಟ್ಟಿಲು ಬಿಡಿ. ದಂಡೆಯ ಗಿಡಗಳಿಗೂ ಅಂಚಿನ ಕಲ್ಲುಗಳಿಗೂ ಅದೇ ಆಧಾರ. ನಡುವಿನ ಭಾಗ ಪೂರ್ತಿ ಎರಡು ಅಡಿ, ಅದಕ್ಕಿಂತ ಕಡಿಮೆಯಾದರೆ ಬಿಸಿಲಿಗೆ ನೀರು ಬೇಗ ಕಾಯುತ್ತದೆ. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವ ಕಡೆ ಮೀನು ಬಿಡುವುದಿದ್ದರೆ ಮೂರು ಅಡಿ ಬೇಕಾದೀತು. ಪಕ್ಕಗಳು ನೇರ ಗೋಡೆಯಾಗಿರದೆ ಸ್ವಲ್ಪ ಓರೆಯಾಗಿರಲಿ. ಒಂದು ಬದಿಯನ್ನು ಮಾತ್ರ ನಿಧಾನ ಇಳಿಜಾರಾಗಿ, ಮೂರು ಅಡಿ ಸಾಗಿದರೆ ಒಂದು ಅಡಿ ಇಳಿಯುವಂತೆ ಮಾಡಿ. ಕಪ್ಪೆ ಏರಿ ಹೋಗುವುದು, ಹಕ್ಕಿ ಬಂದು ಮೀಯುವುದು, ಬಿದ್ದ ಸಣ್ಣ ಪ್ರಾಣಿ ಹತ್ತಿ ಪಾರಾಗುವುದು ಅಲ್ಲೇ.

ಅಗೆತದಲ್ಲಿ ಅತಿ ಮುಖ್ಯವಾದದ್ದು ಅಂಚಿನ ಮಟ್ಟ. ನೀರು ಯಾವತ್ತೂ ಮಟ್ಟವಾಗಿಯೇ ನಿಲ್ಲುತ್ತದೆ. ಅಂಚು ಒಂದು ಕಡೆ ಎರಡು ಇಂಚು ತಗ್ಗಿದ್ದರೆ ಅಲ್ಲಿ ತುಂಬಿ ಹರಿಯುತ್ತದೆ, ಎದುರಿನ ಬದಿಯಲ್ಲಿ ಹಾಳೆ ಬೋಳಾಗಿ ಕಾಣುತ್ತದೆ. ಉದ್ದ ಹಲಗೆಯ ಮೇಲೆ ರಸಮಟ್ಟ ಇಟ್ಟು ಸುತ್ತಲೂ ನೋಡಿ, ದೊಡ್ಡ ಕೊಳವಾದರೆ ಗಾರೆಯವರು ಬಳಸುವ ನೀರು ತುಂಬಿದ ಪಾರದರ್ಶಕ ಪೈಪೇ ಸರಿ. ತಗ್ಗಿದ ಕಡೆ ಮಣ್ಣು ಹಾಕಿ ಏರಿಸುವ ಬದಲು ಎತ್ತರದ ಕಡೆ ಕೆತ್ತಿ ಇಳಿಸಿ, ಹಾಕಿದ ಮಣ್ಣು ಮುಂದೆ ಕುಸಿಯುತ್ತದೆ. ಒಂದು ಜಾಗವನ್ನು ಮಾತ್ರ ಬೇಕೆಂದೇ ಅರ್ಧ ಇಂಚು ತಗ್ಗಿಸಿ, ಮಳೆಯ ಹೆಚ್ಚುವರಿ ನೀರು ಅಲ್ಲಿಂದ ಗೋಡೆಯ ಬುಡದಿಂದ ದೂರಕ್ಕೆ ಹರಿದುಹೋಗಲಿ.

ಹಾಳೆ ಹಾಸುವುದು

ಜೇಡಿಮಣ್ಣು ಮೆಟ್ಟಿ ಮಾಡಿದ ಕೊಳ ಬಲು ಹಳೆಯ ಪದ್ಧತಿ, ಆದರೆ ಒಮ್ಮೆ ಒಣಗಿ ಬಿರುಕು ಬಿಟ್ಟರೆ ಮತ್ತೆ ನೀರು ನಿಲ್ಲಿಸುವುದು ಕಷ್ಟ. ಸಿಮೆಂಟಿನ ಕೊಳಕ್ಕೆ ಕಬ್ಬಿಣ ಬೇಕು, ಹೊಸತರಲ್ಲಿ ಅದರಿಂದ ಸುಣ್ಣದಂಶ ನೀರಿಗಿಳಿದು ಮೀನಿಗೆ ಅಪಾಯ, ಹಲವು ಸಲ ನೀರು ತುಂಬಿ ಚೆಲ್ಲಬೇಕು. ಮನೆಯ ತೋಟಕ್ಕೆ ನನ್ನ ಮತ ಲೈನರ್ ಹಾಳೆಗೆ, ಅದರಲ್ಲೂ ಒಂದು ಮಿಲಿಮೀಟರ್ ದಪ್ಪದ ಇಪಿಡಿಎಂ ರಬ್ಬರ್ ಹಾಳೆಗೆ. ಎಳೆದರೆ ಹಿಗ್ಗುತ್ತದೆ, ಬಿಸಿಲು ತಾಳುತ್ತದೆ. ಎಚ್‌ಡಿಪಿಇ ಪ್ಲಾಸ್ಟಿಕ್ ಹಾಳೆ ಗಟ್ಟಿಯೇ, ಆದರೆ ಬಿರುಸು, ಮೆಟ್ಟಿಲು ತಿರುವುಗಳಿರುವ ಚಿಕ್ಕ ಕೊಳದಲ್ಲಿ ಮಣಿಯುವುದಿಲ್ಲ. ಚಾವಣಿಗೆಂದು ಮಾರುವ ರಬ್ಬರ್ ಹಾಳೆಯಲ್ಲಿ ಮೀನಿಗೆ ಆಗದ ರಾಸಾಯನಿಕ ಇರಬಹುದು, ಕೊಳಕ್ಕೆಂದೇ ಮಾಡಿದ್ದನ್ನು ಕೇಳಿ ತನ್ನಿ.

ಅಳತೆ ಸುಲಭ: ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಎರಡೂ ಅಂಚಿಗೆ ಒಂದೊಂದು ಅಡಿ ಸೇರಿಸಿ. ನಮ್ಮ ಕೊಳಕ್ಕೆ 10 + 4 + 2, ಅಂದರೆ 16 ಅಡಿ. ಅಗಲಕ್ಕೆ 6 + 4 + 2, ಅಂದರೆ 12 ಅಡಿ. ಮೆಟ್ಟಿಲಿಗೆಂದು ಬೇರೆ ಸೇರಿಸಬೇಕಿಲ್ಲ, ಲೆಕ್ಕದಲ್ಲೇ ಬಂದಿರುತ್ತದೆ.

ಗುಂಡಿಯೊಳಗೆ ಬರಿಗೈಯಲ್ಲಿ ಸವರಿ ಚೂಪು ಕಲ್ಲು, ಬೇರಿನ ತುಂಡು ಎಲ್ಲ ತೆಗೆಯಿರಿ. ತಳಕ್ಕೆ ಎರಡು ಇಂಚು ಮರಳು, ಪಕ್ಕಗಳಿಗೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಹಾಳೆಯನ್ನು ಅರ್ಧ ಗಂಟೆ ಬಿಸಿಲಿಗೆ ಹಾಕಿದರೆ ಮೆತ್ತಗಾಗುತ್ತದೆ. ಅದನ್ನು ಎಳೆದು ಬಿಗಿಯಬೇಡಿ, ಸಡಿಲವಾಗಿ ಗುಂಡಿಯೊಳಗೆ ಇಳಿಬಿಡಿ. ನೀರು ಬಿಡುತ್ತ ಹೋದಂತೆ ನೀರೇ ಅದನ್ನು ಮೂಲೆಗಳಿಗೆ ಒತ್ತುತ್ತದೆ. ನೀವು ಸುತ್ತಲೂ ನಡೆಯುತ್ತ ಸಣ್ಣ ಸಣ್ಣ ನೆರಿಗೆಗಳನ್ನೆಲ್ಲ ಸೇರಿಸಿ ಒಂದೆರಡು ದೊಡ್ಡ ಮಡಿಕೆ ಮಾಡಿ. ಮೆಟ್ಟಿಲಿನವರೆಗೆ ನೀರು ಬಂದಾಗ ನಿಲ್ಲಿಸಿ. ಅಂಚಿನ ಹೆಚ್ಚುವರಿ ಹಾಳೆಯನ್ನು ಈಗಲೇ ಕತ್ತರಿಸಬೇಡಿ.

ಅಂಚು

ಕೊಳ ಕೆಡುವುದು ಸಾಮಾನ್ಯವಾಗಿ ಇಲ್ಲೇ. ಹಾಳೆ ಚೆನ್ನಾಗಿದ್ದೂ ನೀರು ದಿನಾ ಇಳಿಯುತ್ತಿದ್ದರೆ ಕಾರಣ ಬಹುತೇಕ ಅಂಚಿನಲ್ಲಿ ಇರುತ್ತದೆ. ಹಾಳೆಯ ತುದಿ ಮಣ್ಣಿನೊಳಗೆ ಮಲಗಿ ಮುಗಿದಿದ್ದು, ಅದರ ಮೇಲಿನ ಕಲ್ಲು, ಮಣ್ಣು, ಪಾಚಿ ಒಂದು ಕಡೆ ನೀರಿಗೂ ಇನ್ನೊಂದು ಕಡೆ ತೋಟದ ಮಣ್ಣಿಗೂ ತಾಗಿದ್ದರೆ, ದೀಪದ ಬತ್ತಿ ಎಣ್ಣೆ ಹೀರುವ ಹಾಗೆ ಆ ಮಣ್ಣು ಕೊಳದ ನೀರನ್ನು ಹೊರಗೆ ಎಳೆಯುತ್ತಲೇ ಇರುತ್ತದೆ.

ಇದನ್ನು ತಪ್ಪಿಸುವುದು ಹೀಗೆ. ಮೆಟ್ಟಿಲಿನ ಮೇಲೆ, ಹಾಳೆಯ ಮೇಲೊಂದು ತುಂಡು ಬಟ್ಟೆ, ಅದರ ಮೇಲೊಂದು ತುಂಡು ಹಾಳೆ ಹಾಸಿ. ಅಲ್ಲಿ ದಪ್ಪ ಕಲ್ಲುಗಳ ಒಂದು ಸಾಲು ಕೂರಿಸಿ, ಚೂಪು ಮೂಲೆ ಕೆಳಗೆ ಬರದಂತೆ. ಈ ಕಲ್ಲುಗಳು ಅರ್ಧ ನೀರಿನಲ್ಲಿ, ಅರ್ಧ ಮೇಲೆ ಇರುತ್ತವೆ. ಅವುಗಳ ಹಿಂದೆ ಹಾಳೆಯನ್ನು ನೆಟ್ಟಗೆ ಮೇಲಕ್ಕೆತ್ತಿ, ನೀರಿನ ಮಟ್ಟಕ್ಕಿಂತ ಎರಡು ಮೂರು ಇಂಚು ಎತ್ತರದವರೆಗೆ. ಎತ್ತಿದ ಹಾಳೆಯ ಹಿಂದೆ ಮಣ್ಣು ತುಂಬಿ ಗಟ್ಟಿ ಮಾಡಿ. ಮುಂದೆ ಕಲ್ಲು, ಹಿಂದೆ ಮಣ್ಣು, ನಡುವೆ ಹಾಳೆಯ ತುದಿ ನಿಂತಿರಬೇಕು. ಕಲ್ಲುಗಳ ಸಂದಿಗೆ ಗುಂಡುಕಲ್ಲು ಸುರಿದರೆ ಹಾಳೆ ಮರೆಯಾಗುತ್ತದೆ. ಬೇರೆ ಬದಿಗಳಲ್ಲಿ ಚಪ್ಪಡಿ ಹಾಸುವುದಾದರೆ ನೀರಿನ ಮೇಲೆ ಎರಡು ಇಂಚು ಚಾಚಿಕೊಂಡಿರಲಿ, ನೆರಳಿಗೆ ಹಾಳೆಯೂ ಬಾಳುತ್ತದೆ. ಚಪ್ಪಡಿಯ ಮುಕ್ಕಾಲು ಭಾಗ ನೆಲದ ಮೇಲಿರಬೇಕು, ಅಂಚಿಗೆ ಕಾಲಿಟ್ಟವರು ಕಲ್ಲಿನ ಸಮೇತ ನೀರಿಗೆ ಬೀಳಬಾರದು.

ನೀರು ಪೂರ್ತಿ ತುಂಬಿ ಒಂದು ವಾರ ಬಿಡಿ. ಕಲ್ಲುಗಳು ಕೂತು, ಮಣ್ಣು ಇಳಿದು, ಮಟ್ಟ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಹೆಚ್ಚುವರಿ ಹಾಳೆ ಕತ್ತರಿಸಿ.

ಪಂಪು

ಪಂಪು ಕಡ್ಡಾಯವಲ್ಲ. ಗೋಡೆಯಿಂದ ನೀರು ಬೀಳಬೇಕೆಂದರೆ ಬೇಕು. ನಮ್ಮ ಅಳತೆಯ ಕೊಳ ಓರೆ ಪಕ್ಕ, ಮೆಟ್ಟಿಲು ಕಳೆದು ಸುಮಾರು ಎರಡು ಸಾವಿರ ಲೀಟರ್ ಹಿಡಿಯುತ್ತದೆ, ಅಷ್ಟು ನೀರು ಒಂದೆರಡು ಗಂಟೆಗೊಮ್ಮೆ ಸುತ್ತು ಬರುವಂತಿದ್ದರೆ ಸಾಕು. ನೀರು ಹಾಳೆಯಂತೆ ಬೀಳಬೇಕಾದರೆ ಬೀಳುವ ಕಲ್ಲಿನ ಪ್ರತಿ ಇಂಚು ಅಗಲಕ್ಕೆ ಗಂಟೆಗೆ 350ರಿಂದ 400 ಲೀಟರ್ ಲೆಕ್ಕ ಹಾಕಿ. ಪಂಪಿನ ಡಬ್ಬಿಯ ಮೇಲಿನ ದೊಡ್ಡ ಅಂಕಿ ಎತ್ತರಕ್ಕೆ ತಳ್ಳದಿದ್ದಾಗಿನದು. ನಿಮ್ಮ ಎತ್ತರಕ್ಕೆ ಎಷ್ಟು ಬರುತ್ತದೆ ಎಂಬ ಕೋಷ್ಟಕ ನೋಡಿ ಕೊಳ್ಳಿ. ಬೀಳುವ ನೀರಿನ ದಾರಿಯಡಿಯೂ ಹಾಳೆ ಇರಬೇಕು, ಇಲ್ಲವಾದರೆ ಅದು ಗೋಡೆಯ ಬೆನ್ನಿಗೆ ಸೇರುತ್ತದೆ, ಅಲ್ಲಿಂದ ನೀರು ಹೊರಹಾಕಲು ಪಟ್ಟ ಶ್ರಮವೆಲ್ಲ ನೀರಲ್ಲಿ ಹೋಮ. ವಿದ್ಯುತ್ ಸಂಪರ್ಕವನ್ನು ಎಲೆಕ್ಟ್ರೀಷಿಯನ್ನೇ ಕೊಡಲಿ, 30 ಮಿಲಿಆಂಪಿಯರ್ ಸೋರಿಕೆಗೆ ಕಡಿದುಹೋಗುವ ಆರ್‌ಸಿಸಿಬಿ ಇರಲೇಬೇಕು.

ಗಿಡ, ಮೀನು, ಸೊಳ್ಳೆ

ನಲ್ಲಿ ನೀರಿನ ಕ್ಲೋರಿನ್ ಒಂದೆರಡು ದಿನ ತೆರೆದಿಟ್ಟರೆ ಹಾರಿಹೋಗುತ್ತದೆ. ಕ್ಲೋರಮೈನ್ ಹಾಕಿದ ನೀರಾದರೆ ಹಾರುವುದಿಲ್ಲ, ಅಕ್ವೇರಿಯಂ ಅಂಗಡಿಯ ನಿವಾರಕ ದ್ರಾವಣ ಹಾಕಬೇಕು.

ಮೊದಲು ಗಿಡ: ಆಳದಲ್ಲಿ ಕುಂಡದಲ್ಲಿಟ್ಟ ನೈದಿಲೆ, ಮೆಟ್ಟಿಲಿನ ಮೇಲೆ ಬಜೆ ಅಥವಾ ಜೊಂಡಿನ ಜಾತಿಯವು, ನೀರೊಳಗೆ ಹರಡುವ ಹಾರ್ನ್‌ವರ್ಟ್. ನೀರಿನ ಮೇಲ್ಮೈಯಲ್ಲಿ ಅರ್ಧದಷ್ಟು ನೆರಳಾದರೆ ಪಾಚಿ ಹತೋಟಿಯಲ್ಲಿರುತ್ತದೆ. ಅಂತರಗಂಗೆ, ವಾಟರ್ ಹಯಸಿಂತ್ ತರಬೇಡಿ, ಹೊರಗಿನ ಕೆರೆ ಹಳ್ಳಕ್ಕೆ ಸೇರಿದರೆ ಅದನ್ನೇ ಮುಚ್ಚಿಬಿಡುತ್ತವೆ.

ಮೊದಲ ಕೆಲವು ವಾರ ನೀರು ಹಸಿರು ತಿರುಗುತ್ತದೆ. ಗಾಬರಿಯಾಗಿ ಚೆಲ್ಲಿ ಹೊಸ ನೀರು ತುಂಬುವವರೇ ಹೆಚ್ಚು, ತುಂಬಿದರೆ ಮತ್ತೆ ಮೊದಲಿಂದ ಶುರು. ಬಿಡಿ, ಗಿಡ ಬೆಳೆದಂತೆ ತಿಳಿಯಾಗುತ್ತದೆ. ಮೀನಿನ ಹೊಲಸಿನಲ್ಲಿ ಬರುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅದಕ್ಕೇ ಮೀನನ್ನು ತಡವಾಗಿ, ಮೊದಲು ನಾಲ್ಕೈದನ್ನೇ ಬಿಟ್ಟು ನೋಡಬೇಕು.

ಸೊಳ್ಳೆಗೆ ಬೆಚ್ಚಗಿನ ನೀರಿನಲ್ಲಿ ಮೊಟ್ಟೆಯಿಂದ ರೆಕ್ಕೆ ಬರುವವರೆಗೆ ಏಳರಿಂದ ಹತ್ತು ದಿನ ಸಾಕು. ಮೀನು ಬಿಡುವ ಮೊದಲಿನ ವಾರಗಳಲ್ಲಿ ಬಿಟಿಐ ಬ್ಯಾಕ್ಟೀರಿಯಾದ ಬಿಲ್ಲೆ ಹಾಕಿ, ಅದು ಸೊಳ್ಳೆಯ ಮರಿಗಳನ್ನು ಕೊಲ್ಲುತ್ತದೆ, ಮೀನು ಕಪ್ಪೆಗಳಿಗೆ ತೊಂದರೆಯಿಲ್ಲ. ಗ್ಯಾಂಬೂಸಿಯಾ ಮೀನನ್ನು ಸೊಳ್ಳೆಗೆಂದು ಬಿಡುವುದುಂಟು, ಅದು ಕಪ್ಪೆಮರಿಗಳನ್ನೂ ಬೇರೆ ಮೀನಿನ ಮೊಟ್ಟೆಗಳನ್ನೂ ಬಿಡುವುದಿಲ್ಲ. ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ಬಂದು ಸೇರಿದ ಮೇಲೆ ಬಿಲ್ಲೆಯ ಕೆಲಸ ಬಹುಮಟ್ಟಿಗೆ ಅವೇ ಮಾಡುತ್ತವೆ.

ನೀರು ಇಳಿಯುತ್ತಿದ್ದರೆ

ಬಿಸಿಲಿಗೆ ಆರಿದ್ದೋ ಸೋರಿದ್ದೋ ಎಂದು ಮೊದಲು ಗೊತ್ತಾಗಬೇಕು. ಪಂಪು ನಿಲ್ಲಿಸಿ. ಬಕೆಟ್ಟಿಗೆ ಕೊಳದ ನೀರನ್ನೇ ತುಂಬಿ ಮೆಟ್ಟಿಲಿನ ಮೇಲೆ ಇಟ್ಟು, ಬಕೆಟ್ಟಿನೊಳಗಿನ ಮಟ್ಟವನ್ನೂ ಹೊರಗಿನ ಕೊಳದ ಮಟ್ಟವನ್ನೂ ಗುರುತು ಮಾಡಿ. ಇಪ್ಪತ್ನಾಲ್ಕು ಗಂಟೆ ಬಿಟ್ಟು ನೋಡಿ. ಎರಡೂ ಒಂದೇ ಸಮ ಇಳಿದಿದ್ದರೆ ಆರಿದ್ದು, ನೀರು ತುಂಬಿಸಿದರಾಯಿತು. ಕೊಳ ಹೆಚ್ಚು ಇಳಿದಿದ್ದರೆ ಸೋರಿಕೆ. ಪಂಪು ನಡೆಯುವಾಗ ಮಾತ್ರ ಇಳಿಯುತ್ತಿದ್ದರೆ ತಪ್ಪು ನೀರು ಬೀಳುವ ದಾರಿಯಲ್ಲಿದೆ, ಕೊಳದಲ್ಲಲ್ಲ.

ಸೋರಿಕೆಯೇ ಆದರೆ ನೀರು ತುಂಬಬೇಡಿ, ತಾನಾಗಿ ಎಲ್ಲಿ ನಿಲ್ಲುತ್ತದೋ ಕಾಯಿರಿ. ಮೀನಿದ್ದರೆ ಅವುಗಳಿಗೆ ಸಾಕಾಗುವಷ್ಟು ನೀರು ಉಳಿದಿದೆಯೇ ಎಂದು ನೋಡಿಕೊಳ್ಳುತ್ತಿರಿ. ನಿಂತ ಗೆರೆಯುದ್ದಕ್ಕೂ ಹಾಳೆಯನ್ನು ಬೆರಳಿನಿಂದ ಸವರಿ ಹುಡುಕಿ, ತೂತು ಸಿಕ್ಕಿದರೆ ಒರೆಸಿ ಒಣಗಿಸಿ ಅದೇ ಜಾತಿಯ ಹಾಳೆಯ ತೇಪೆ ಹಾಕಿ. ನೀರು ಅಂಚಿನಿಂದ ಒಂದೆರಡು ಇಂಚು ಇಳಿದು ನಿಂತುಬಿಟ್ಟರೆ ಹಾಳೆಯಲ್ಲಿ ತೂತು ಹುಡುಕುವುದು ದಂಡ. ಸುತ್ತಲೂ ನಡೆದು ಯಾವ ಕಡೆಯ ಮಣ್ಣು ಸದಾ ಒದ್ದೆಯಾಗಿದೆ ನೋಡಿ, ಅಲ್ಲಿನ ಕಲ್ಲು ಸರಿಸಿ, ಮಲಗಿರುವ ಹಾಳೆಯನ್ನು ಎತ್ತಿ ನಿಲ್ಲಿಸಿ, ಹಿಂದೆ ಮಣ್ಣು ತುಳಿದು ಕಲ್ಲನ್ನು ವಾಪಸ್ ಕೂರಿಸಿ.